ಪುಡಿ ಕಲಸುವವರು ಯಾರು?

ಮಳೆಗಾಲ ಹತ್ತಿರವಾದಂತೆ ಕಾಫಿಯ ಕೊಳೆರೋಗಕ್ಕೆಂದು ಕಾರ್ಬೆಂಡಜಿಂ ಕೇಳಿಕೊಂಡು ಬರುವ ಸದಸ್ಯರು ಹಲವರು. ಜೊತೆಗೆ ಕೈಗವಸನ್ನೂ ಒಯ್ಯಿರೆಂದರೆ, "ಇದೇನು ಎಂಡ್ರಿನ್ನೇ ಸ್ವಾಮಿ?" ಎಂದು ನಗುತ್ತಾರೆ. ಪೊಟ್ಟಣದ ಮೇಲಿನ ತ್ರಿಕೋನ ಕೆಂಪಲ್ಲ, ನಿಜ. ಆದರೆ ಆ ಬಣ್ಣ ಹೇಳುವುದು ಕೂಡಲೇ ಪ್ರಾಣ ತೆಗೆಯುವ ಶಕ್ತಿಯನ್ನು ಮಾತ್ರ. ಬಸಿರಿಗೆ ಏನಾದೀತೆಂಬುದನ್ನು ಅದು ಹೇಳದು.

ಈ ಔಷಧ ಬೂಷ್ಟನ್ನು ಕೊಲ್ಲುವ ಬಗೆಯನ್ನು ತಿಳಿಯಬೇಕು. ಜೀವಕೋಶ ಒಡೆದು ಎರಡಾಗುವಾಗ ಒಳಗೆ ಸೂಕ್ಷ್ಮವಾದ ನೂಲುಗಳು ಕಟ್ಟಿಕೊಂಡು ವರ್ಣತಂತುಗಳನ್ನು ಎರಡು ಕಡೆಗೆ ಎಳೆದು ಹಂಚುತ್ತವೆ. ಕಾರ್ಬೆಂಡಜಿಂ ಆ ನೂಲುಗಳನ್ನು ಕಟ್ಟಿಕೊಳ್ಳಗೊಡದು. (ಅಡಿಕೆಯ ಕೊಳೆರೋಗ ಮಾತ್ರ ಇದಕ್ಕೆ ಬಗ್ಗುವುದಿಲ್ಲ. ಅಲ್ಲಿ ಇದನ್ನು ಹೊಡೆಯುವವರು ದುಡ್ಡನ್ನು ಹೊಳೆಗೆ ಹಾಕಿದಂತೆಯೇ; ಹಳೆಯ ಮೈಲುತುತ್ತು-ಸುಣ್ಣವೇ ಸರಿ.)

ಅಂಥದೇ ನೂಲು ಹೆಣ್ಣಿನ ಅಂಡಾಣುವಿನಲ್ಲೂ ಉಂಟು. ಹೆಣ್ಣುಮಗು ತಾಯಿಯ ಗರ್ಭದಲ್ಲಿರುವಾಗಲೇ ಅದರ ಅಂಡಾಣುಗಳ ವಿಭಜನೆ ಆರಂಭವಾಗಿ ಅರ್ಧಕ್ಕೆ ನಿಂತಿರುತ್ತದೆ. ಹದಿನೈದೋ ಮೂವತ್ತೋ ವರ್ಷ ಕಳೆದು, ಅಂಡ ಬಿಡುಗಡೆಯಾಗುವ ಹೊತ್ತಿಗೆ ಮುಂದುವರಿಯುತ್ತದೆ. 46 ವರ್ಣತಂತುಗಳ ಪೈಕಿ 23 ಉಳಿಯಬೇಕು. ಆ ಗಳಿಗೆಯಲ್ಲಿ ನೂಲು ಕೆಟ್ಟರೆ ಒಂದು ಹೆಚ್ಚೋ ಕಡಿಮೆಯೋ ಆಗಬಹುದು. ಅಂಥ ಬಸಿರು ಹೆಚ್ಚಾಗಿ ಮೊದಲ ತಿಂಗಳುಗಳಲ್ಲೇ ಇಳಿದುಹೋಗುತ್ತದೆ. ಉಳಿದರೆ ಡೌನ್ ಸಿಂಡ್ರೋಮ್‌ನಂಥ ಸ್ಥಿತಿ. 1990ರ ದಶಕದಲ್ಲಿ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ವಿಜ್ಞಾನಿಗಳು ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಗೆ ಸರಿಯಾಗಿ ಈ ಹೊತ್ತಿನಲ್ಲೇ ಒಂದು ಬಾರಿ ಕಾರ್ಬೆಂಡಜಿಂ ಕೊಟ್ಟು ನೋಡಿದರು. ಅಂಡಾಣುಗಳಲ್ಲಿ ಇದೇ ತಪ್ಪು ಕಂಡಿತು, ಬಸಿರೂ ನಿಲ್ಲಲಿಲ್ಲ.

ಕೊಟ್ಟ ಪ್ರಮಾಣ ದೊಡ್ಡದು, ಪ್ರಾಣಿಯೂ ಬೇರೆ. ಮನುಷ್ಯರಲ್ಲಿ ಇಂಥ ತಪ್ಪಿಗೆ ತಾಯಿಯ ವಯಸ್ಸೇ ಮುಖ್ಯ ಕಾರಣ. ಯಾರದೋ ಮನೆಯ ಗರ್ಭಪಾತವನ್ನು ತೋಟದ ಔಷಧದ ತಲೆಗೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಒಂದು ಮಟ್ಟಕ್ಕಿಂತ ಕಡಿಮೆ ಮೈಗೆ ಸೇರಿದರೆ ನೂಲಿಗೆ ಬಾಧಕವಿಲ್ಲವೆಂದೂ ತಜ್ಞರು ಹೇಳುತ್ತಾರೆ. ಹಾಗಾದರೆ ಹೆಚ್ಚು ಸೇರುವುದು ಯಾರಿಗೆ? ಹೊಡೆದ ಗಿಡದ ಪಕ್ಕ ಹಾದುಹೋದವರಿಗಲ್ಲ, ಒಣ ಪುಡಿಯನ್ನು ಬಕೆಟ್ಟಿಗೆ ಸುರಿದು ಬರಿಗೈಯಲ್ಲಿ ಕಲಸುವವರಿಗೆ. ಪಂಪು ಹಿಡಿಯುವುದು ಗಂಡಾಳು; ನೀರು ಹೊತ್ತು ಪುಡಿ ಕಲಸಿ ಕೊಡುವುದು ಹೆಣ್ಣಾಳು. ಸಣ್ಣ ತೋಟಗಳಲ್ಲಿ ಮನೆಯ ಹೆಂಗಸರೇ. ನಮ್ಮ ತೋಟದಲ್ಲೂ ಎಷ್ಟೋ ವರ್ಷ ಹೀಗೆಯೇ ನಡೆಯಿತು, ನಾವು ನೋಡಿಕೊಂಡೇ ನಿಂತಿದ್ದೆವು. ಬಸುರಾದ ಮೊದಲ ವಾರಗಳಲ್ಲಿ ಅದು ಅವರಿಗೇ ತಿಳಿದಿರುವುದಿಲ್ಲ.

ಕಾಫಿ ಬೆಳೆಯಲ್ಲಿ ನಮಗಿಂತ ಎಷ್ಟೋ ದೊಡ್ಡದಾದ ಬ್ರೆಜಿಲ್ 2022ರಲ್ಲಿ ಕಾರ್ಬೆಂಡಜಿಂ ಅನ್ನು ನಿಷೇಧಿಸಿತು. ನಮ್ಮ ಕೇಂದ್ರ ಸರ್ಕಾರ 2020ರಲ್ಲಿ ನಿಷೇಧಕ್ಕೆಂದು ಹೊರಡಿಸಿದ ಕರಡಿನ 27 ಔಷಧಗಳಲ್ಲೂ ಇದರ ಹೆಸರಿತ್ತು. ಬಕೆಟ್ಟಿನ ವಿಷಯಕ್ಕೆ ಸರ್ಕಾರದ ಆದೇಶವನ್ನು ಕಾಯಬೇಕಾಗಿಲ್ಲ. ಹೆಣ್ಣಾಳುಗಳನ್ನು ಕಲಸುವ ಕೆಲಸಕ್ಕೆ ಹಚ್ಚಕೂಡದು. ಗಂಡಸರು ಪಾರೆಂದಲ್ಲ, ಗಂಡಿಲಿಗಳ ವೃಷಣಕ್ಕೂ ಇದರಿಂದ ಹಾನಿ ಕಂಡಿದೆ. ಆದ್ದರಿಂದ ಕಲಸುವವರು ಯಾರೇ ಇರಲಿ, ಕೈಗವಸು ತೊಟ್ಟು, ಉದ್ದನೆಯ ಕೋಲಿನಿಂದ ಕಲಸಲಿ. ಕೈಗವಸಿಲ್ಲದೆ ಈ ಪುಡಿಯನ್ನು ಮಳಿಗೆಯಿಂದ ಕೊಡಬಾರದೆಂಬ ಠರಾವನ್ನು ಬರುವ ಮಹಾಸಭೆಯ ಮುಂದಿಡುತ್ತೇವೆ. ಅದರ ಖರ್ಚು ಯಾರದೆಂಬ ತಕರಾರು ಉಳ್ಳವರು ಅಂದೇ ಎತ್ತಬಹುದು.