ಹಿಂತಿರುಗಿದವರು ಒಪ್ಪಿಸಬೇಕಾದ ಲೆಕ್ಕ

ಪ್ರಭು ಯೇಸು ಎಪ್ಪತ್ತೆರಡು ಮಂದಿ ಶಿಷ್ಯರನ್ನು ಇಬ್ಬಿಬ್ಬರಂತೆ ಊರೂರಿಗೆ ಕಳುಹಿಸಿದ ಪ್ರಸಂಗವನ್ನು ಸಂತ ಲೂಕನ ಶುಭಸಂದೇಶದ ಹತ್ತನೆಯ ಅಧ್ಯಾಯದಲ್ಲಿ ನಾವೆಲ್ಲರೂ ಓದಿದ್ದೇವೆ. ಆದರೆ ಅವರು ಹಿಂತಿರುಗಿ ಬಂದಾಗ ನಡೆದ ಸಂಭಾಷಣೆಯನ್ನು ಅಷ್ಟಾಗಿ ಗಮನಿಸುವುದಿಲ್ಲ. ದೆವ್ವಗಳೂ ತಮ್ಮ ಮಾತಿಗೆ ಅಧೀನವಾದವೆಂದು ಶಿಷ್ಯರು ಹಿಗ್ಗಿನಿಂದ ವರದಿ ಒಪ್ಪಿಸಿದರು. ಪ್ರಭುವಾದರೋ ಆ ಹಿಗ್ಗಿನ ಕಾರಣವನ್ನೇ ತಿದ್ದಿ, ಅವರ ಹೆಸರುಗಳು ಸ್ವರ್ಗದಲ್ಲಿ ಬರೆಯಲ್ಪಟ್ಟಿರುವುದೇ ಸಂತೋಷಕ್ಕೆ ತಕ್ಕ ವಿಷಯವೆಂದು ತಿಳಿಸಿದರು. ಪ್ರೇಷಿತ ಕಾರ್ಯಕ್ಕೆ ಹೊರಡುವ ಮುನ್ನ ಸಿದ್ಧತೆ ಎಷ್ಟು ಅಗತ್ಯವೋ, ಮರಳಿ ಬಂದ ಮೇಲೆ ಆತ್ಮಶೋಧನೆಯೂ ಅಷ್ಟೇ ಅಗತ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಮಾತು ನನಗೆ ಮನವರಿಕೆಯಾದದ್ದು ನಮ್ಮ ಧರ್ಮಕೇಂದ್ರದ ತಂಡದೊಡನೆ ನಾಲ್ಕು ದಿನಗಳ ಯಾತ್ರೆ ಮುಗಿಸಿ ಶಿವಮೊಗ್ಗಕ್ಕೆ ಮರಳಿದ ಮೇಲೆ. 1988ರಲ್ಲಿ ಸ್ಥಾಪಿತವಾದ ಶಿವಮೊಗ್ಗ ಧರ್ಮಕ್ಷೇತ್ರದಲ್ಲಿ ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಈ ಮೂರೂ ಜಿಲ್ಲೆಗಳು ಸೇರಿವೆಯಾದರೂ, ಚಿತ್ರದುರ್ಗದ ಕಡೆ ಕಥೋಲಿಕ ಕುಟುಂಬಗಳು ವಿರಳ. ಚನ್ನಗಿರಿ ದಾಟಿ ಹೊಳಲ್ಕೆರೆಗೆ, ಅಲ್ಲಿಂದ ಹೊಸದುರ್ಗಕ್ಕೆ, ವಾಣಿವಿಲಾಸ ಸಾಗರದ ಮಾರ್ಗವಾಗಿ ಹಿರಿಯೂರಿಗೆ, ಕೊನೆಗೆ ಹೆದ್ದಾರಿ ಹಿಡಿದು ಚಿತ್ರದುರ್ಗಕ್ಕೆ ನಮ್ಮ ಪಯಣ ಸಾಗಿತು. ಅಡಿಕೆ ಮತ್ತು ತೆಂಗಿನ ತೋಟಗಳು ಹಿಂದುಳಿದು ರಾಗಿ, ಈರುಳ್ಳಿಯ ಹೊಲಗಳು ಎದುರಾದವು. ಊರಿಗೆ ಒಂದೇ ಎಂಬಂತಿರುವ ನಮ್ಮವರ ಮನೆಗಳಲ್ಲಿ ಕುಳಿತು ಜಪಸರ ಪ್ರಾರ್ಥಿಸಿದೆವು. ಭಾನುವಾರದ ಬಲಿಪೂಜೆಗಾಗಿ ಮುಂಜಾನೆಯೇ ಬಸ್ಸು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಹೋಗುವ ಆ ಜನರ ಮುಂದೆ, ದೇವಾಲಯದ ಗಂಟೆ ಕೇಳಿಸಿದರೂ ತಡವಾಗಿ ಹೊರಡುವ ನಾವು ತಲೆತಗ್ಗಿಸಬೇಕಾಯಿತು.

ಮರಳಿದ ಮುಂದಿನ ಭಾನುವಾರ ಅನುಭವ ಹಂಚಿಕೆಯ ಸಭೆ ನಡೆಯಿತು. ಎಷ್ಟು ಮನೆ, ಎಷ್ಟು ಜಪಸರ, ಎಷ್ಟು ಬಟ್ಟೆಯ ಗಂಟು, ಎಷ್ಟು ಮಕ್ಕಳಿಗೆ ನೋಟ್ ಪುಸ್ತಕ ಎಂಬ ಪಟ್ಟಿಯನ್ನು ನಾನೇ ಓದಿದೆ, ಚಪ್ಪಾಳೆಯೂ ಬಿತ್ತು. ಛಾಯಾಚಿತ್ರಗಳು ಅಂದೇ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ವಾರ ಕಳೆಯುವುದರೊಳಗೆ ಹೊಸದುರ್ಗ ತಾಲ್ಲೂಕಿನ ಮನೆಯೊಂದರಿಂದ ದೂರವಾಣಿ ಕರೆ ಬಂತು. ಚಿತ್ರ ಅವರ ಊರಿಗೂ ತಲುಪಿತ್ತು. ಬಟ್ಟೆ ಪಡೆದದ್ದಕ್ಕೆ ಪ್ರತಿಯಾಗಿ ಏನು ಒಪ್ಪಿಕೊಂಡಿರಿ ಎಂದು ಅಕ್ಕಪಕ್ಕದವರು ಆ ಮನೆಯ ಹಿರಿಯರನ್ನು ಪ್ರಶ್ನಿಸಿದ್ದರು. ಮೂರು ತಲೆಮಾರಿನಿಂದ ಕಥೋಲಿಕರಾಗಿರುವ ಆ ಹಿರಿಯರು ಕೋಪಿಸಿಕೊಳ್ಳಲಿಲ್ಲ. "ನೀವೇನೋ ಬಂದು ಹೋಗ್ತೀರ ಕಣಪ್ಪ, ನಾವು ಇಲ್ಲೇ ಬಾಳ್ಬೇಕು" ಎಂದಷ್ಟೇ ಹೇಳಿದರು. ನಾನು ಓದಿದ ಪಟ್ಟಿಯಲ್ಲಿ ಈ ಮಾತಿಗೆ ಸ್ಥಳವಿರಲಿಲ್ಲ.

ಹೊಸದುರ್ಗದ ಇತ್ತೀಚಿನ ಇತಿಹಾಸ ಬಲ್ಲವರಿಗೆ ಆ ಮಾತಿನ ತೂಕ ತಿಳಿದೀತು. 2021ರ ಸೆಪ್ಟೆಂಬರಿನಲ್ಲಿ ಅಂದಿನ ಹೊಸದುರ್ಗ ಶಾಸಕ ಗೂಳಿಹಟ್ಟಿ ಶೇಖರ್ ಅವರು ತಮ್ಮ ಕುಟುಂಬದ ಉದಾಹರಣೆಯನ್ನೇ ಕೊಟ್ಟು ಮತಾಂತರದ ವಿಷಯವನ್ನು ವಿಧಾನಸಭೆಯಲ್ಲಿ ಎತ್ತಿದರು. ಅದೇ ವರ್ಷ ತಾಲ್ಲೂಕು ಆಡಳಿತ ಅಲ್ಲಿನ ಕೆಲವು ಕ್ರೈಸ್ತ ಕುಟುಂಬಗಳನ್ನು ವಿಚಾರಿಸಿದಾಗ ಬಲವಂತದ ಮತಾಂತರ ಕಂಡುಬರಲಿಲ್ಲವೆಂದು ಪತ್ರಿಕೆಗಳು ವರದಿ ಮಾಡಿದವು. ಆದರೂ 2022ರಲ್ಲಿ ಜಾರಿಗೆ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯಿದೆ ಉಡುಗೊರೆ, ಉಚಿತ ಶಿಕ್ಷಣ ಮುಂತಾದವನ್ನೂ ಆಮಿಷದ ವ್ಯಾಪ್ತಿಗೆ ಸೇರಿಸಿತು. ಅದನ್ನು ಹಿಂಪಡೆಯಲು ರಾಜ್ಯ ಸಚಿವ ಸಂಪುಟ 2023ರ ಜೂನಿನಲ್ಲಿ ನಿರ್ಧರಿಸಿತು. ಸಂಪುಟದ ನಿರ್ಧಾರ ಒಂದು ದಿನದಲ್ಲಿ ಆಗಬಹುದು, ಆದರೆ ನೆರೆಹೊರೆಯವರ ಮನಸ್ಸಿನಲ್ಲಿ ಮೊಳೆತ ಸಂಶಯ ಅಷ್ಟು ಬೇಗ ಅಳಿಯುವುದಿಲ್ಲ. ಇಂತಹ ನೆಲದಲ್ಲಿ ನಾವು ಹಂಚಿದ ಒಂದು ಸೀರೆ, ತೆಗೆದ ಒಂದು ಚಿತ್ರ, ನಾವು ಊರು ಬಿಟ್ಟ ಮೇಲೆ ಯಾರ ಮೇಲೆ ಭಾರವಾಗುತ್ತದೆಂದು ಯೋಚಿಸುವುದು ನಮ್ಮ ಕರ್ತವ್ಯವಲ್ಲವೇ?

ಹಾಗಾದರೆ ಹೋಗುವುದೇ ಬೇಡವೇ ಎಂದು ಕೆಲವರು ಕೇಳಬಹುದು. ಖಂಡಿತ ಹೋಗಬೇಕು. ಶುಭಸಂದೇಶ ಸಾರುವುದು ಧರ್ಮಸಭೆಯ ಸ್ವಭಾವವೇ ಆಗಿದೆಯೆಂದು ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಹೊರಡಿಸಿದ ಪ್ರೇಷಿತ ಕಾರ್ಯದ ಆಜ್ಞಾಪತ್ರ ಘೋಷಿಸಿದೆ. ಅದೇ ಪತ್ರ ಯಾರನ್ನೂ ಬಲವಂತದಿಂದಾಗಲಿ ಆಮಿಷದಿಂದಾಗಲಿ ವಿಶ್ವಾಸಕ್ಕೆ ಸೆಳೆಯಬಾರದೆಂದು ಕಟ್ಟುನಿಟ್ಟಾಗಿ ನಿಷೇಧಿಸಿದೆ. ಯಾವ ವಿಧಾನಸಭೆಯೂ ಹೇಳುವ ಮೊದಲೇ ನಮ್ಮ ಧರ್ಮಸಭೆ ನಮಗೆ ಹಾಕಿದ ಗೆರೆ ಇದು. ಆದುದರಿಂದ ಎಚ್ಚರಿಕೆಯಿಂದ ನಡೆಯುವುದನ್ನು ಹೇಡಿತನವೆಂದು ಬಗೆಯಬೇಕಾಗಿಲ್ಲ. ಅದು ವಿಧೇಯತೆಯೇ ಆಗಿದೆ.

ಪ್ರೇಷಿತ ಕಾರ್ಯದ ಫಲವನ್ನು ಎಣಿಸಹೊರಟವರು ಎಷ್ಟು ಎಡವಬಹುದೆಂಬುದಕ್ಕೆ ನಮ್ಮ ಮೈಸೂರು ಸೀಮೆಯ ಚರಿತ್ರೆಯಲ್ಲೇ ನಿದರ್ಶನವಿದೆ. ಫ್ರೆಂಚ್ ಗುರು ಅಬ್ಬೆ ದುಬುವಾ 1792ರಲ್ಲಿ ಭಾರತಕ್ಕೆ ಬಂದು, 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ಬಳಿಕ ಈ ಸೀಮೆಯಲ್ಲಿ ಚದುರಿಹೋಗಿದ್ದ ಕಥೋಲಿಕರನ್ನು ಒಗ್ಗೂಡಿಸಿದರು. ಸಿಡುಬಿನ ವಿರುದ್ಧ ಸಾವಿರಾರು ಜನರಿಗೆ ಲಸಿಕೆ ಹಾಕಿಸಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಲ್ಪಿಸಿದರು. ಮೂವತ್ತೊಂದು ವರ್ಷಗಳ ತರುವಾಯ, 1823ರಲ್ಲಿ ಯೂರೋಪಿಗೆ ಹಿಂತಿರುಗಿದ ಅವರು, ಈ ದೇಶದಲ್ಲಿ ಕ್ರೈಸ್ತಧರ್ಮ ಬೇರೂರುವ ಆಸೆಯೇ ಇಲ್ಲವೆಂಬ ಅಭಿಪ್ರಾಯದ ಪತ್ರಗಳನ್ನು ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟಿಸಿದರು. ಮತಾಂತರದ ಸಂಖ್ಯೆಯಿಂದ ಅಳೆದು ಅವರು ತಮ್ಮ ಬಾಳಿನ ದುಡಿಮೆಯನ್ನೇ ಸೋಲೆಂದು ಬಗೆದರು. ಆದರೆ ಸಾತಳ್ಳಿಯ ಧರ್ಮಕೇಂದ್ರ ಇಂದಿಗೂ ಬಾಳುತ್ತಿದೆ. ಅವರ ಎಣಿಕೆ ಸೋತರೂ, ಜನರ ನಡುವೆ ಬಾಳಿ ಅವರು ನೆಟ್ಟದ್ದು ಉಳಿಯಿತು.

ಹಿರಿಯೂರಿನ ರೈತರಿಗೆ ಇದನ್ನು ವಿವರಿಸಬೇಕಾಗಿಲ್ಲ. ವೇದಾವತಿಗೆ ಅಡ್ಡಲಾಗಿ 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಕೋಡಿ ಹರಿದ ವರ್ಷವನ್ನಷ್ಟೇ ಎಣಿಸುವುದಾದರೆ, ನಡುವಿನ ಎಂಬತ್ತೊಂಬತ್ತು ವರ್ಷ ವ್ಯರ್ಥವೆನ್ನಬೇಕಾದೀತು. ಆದರೆ ಆ ಅವಧಿಯಲ್ಲೂ ಇದ್ದಷ್ಟು ನೀರು ಕಾಲುವೆಯಲ್ಲಿ ಹರಿದು ಕೆಳಗಿನ ತೋಟಗಳನ್ನು ಕಾಪಾಡಿತಷ್ಟೆ.

ಆದ್ದರಿಂದ ಯಾತ್ರೆಗೆ ಹೋಗಿ ಬರುವ ನಮ್ಮ ತಂಡಗಳು ಕೆಲವು ನಿಯಮಗಳನ್ನು ಪಾಲಿಸುವುದು ಒಳಿತು. ಸ್ಥಳೀಯ ಧರ್ಮಗುರುಗಳು ಹಾಗೂ ಅಲ್ಲಿನ ಕುಟುಂಬಗಳು ಕರೆದಲ್ಲಿಗೆ, ಅವರು ಬಯಸಿದ ರೀತಿಯಲ್ಲಿ ಹೋಗೋಣ. ಪ್ರಾರ್ಥನೆ ಮತ್ತು ಹಂಚಿಕೆಯನ್ನು ಒಂದೇ ಚೀಲದಲ್ಲಿ ಒಯ್ಯುವುದು ಬೇಡ. ನೆರವು ಬೇಕಾದಲ್ಲಿ ಅದು ಅಲ್ಲಿನ ಧರ್ಮಕೇಂದ್ರದ ಮೂಲಕ, ಜಾತಿ ಮತ ನೋಡದೆ, ಸದ್ದಿಲ್ಲದೆ ಸಲ್ಲಲಿ. ಬಡವರ ಮನೆಯ ಚಿತ್ರ ನಮ್ಮ ಸಾಧನೆಯ ಸಾಕ್ಷಿಯಾಗದಿರಲಿ. ಎಲ್ಲಕ್ಕಿಂತ ಮಿಗಿಲಾಗಿ, ಒಮ್ಮೆ ಹೋದ ಮನೆಗೆ ಮತ್ತೆ ಹೋಗೋಣ. ಅವರ ಮಕ್ಕಳು ಓದಲೆಂದು ನಮ್ಮ ಊರಿಗೆ ಬಂದಾಗ ನಮ್ಮ ಮನೆಯ ಬಾಗಿಲು ತೆರೆದಿರಲಿ.

ಯಾತ್ರೆಗೆ ಹೋಗಲಾಗದ ಕುಟುಂಬಗಳೂ ಚಿಂತಿಸಬೇಕಾಗಿಲ್ಲ. ಮಠದ ಗೋಡೆ ದಾಟಿ ಎಂದೂ ಪ್ರಚಾರಕ್ಕೆ ಹೋಗದ ಪುಟ್ಟ ಸಂತ ತೆರೇಸಮ್ಮನವರನ್ನೇ ಧರ್ಮಸಭೆ 1927ರಲ್ಲಿ, ಸಂತ ಫ್ರಾನ್ಸಿಸ್ ಕ್ಸೇವಿಯರರ ಜೊತೆಗೆ, ಪ್ರೇಷಿತ ಕಾರ್ಯದ ಪಾಲಕರೆಂದು ಸಾರಿತು. ಸಂಜೆಯ ಜಪಸರದಲ್ಲಿ ಆ ಒಂಟಿ ಮನೆಗಳನ್ನು ನೆನೆಯುವುದೂ ಪ್ರೇಷಿತ ಕಾರ್ಯವೇ.

ನಾನು ಆ ಹಿರಿಯರ ಬಳಿಗೆ ಮತ್ತೆ ಹೋಗಿದ್ದೆ, ಈ ಬಾರಿ ಒಬ್ಬನೇ, ಬರಿಗೈಯಲ್ಲಿ. ಕ್ಷಮೆ ಕೇಳಿದೆ. ಅವರು ನಕ್ಕು, ಒಳಗೆ ಕರೆದು, ಮುದ್ದೆ ಬಡಿಸಿದರು. ಊಟವಾದ ಮೇಲೆ ಪಕ್ಕದ ಮನೆಯವರನ್ನೂ ಕರೆದು ನನ್ನನ್ನು ಪರಿಚಯಿಸಿದರು. ಆ ಭೇಟಿಯ ಬಗ್ಗೆ ಯಾವ ಸಭೆಯಲ್ಲೂ ವರದಿ ಓದಿಲ್ಲ. ಆದರೆ ನನ್ನ ಪ್ರೇಷಿತ ಯಾತ್ರೆ ಆರಂಭವಾದದ್ದು ಅಂದೇ ಎಂದು ನಂಬಿದ್ದೇನೆ.