ಬಸ್ ಸ್ಟ್ಯಾಂಡಿನ ಗೋಡೆಗೆ ಮುಖ ಮಾಡಿ ಇಂಟರ್‌ವ್ಯೂ!

ಮೊನ್ನೆ ಸಂಜೆ ನಾಲ್ಕೂವರೆ ಹೊತ್ತಿಗೆ ರಾಮನಗರದ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಕುಡೀತಾ ನಿಂತಿದ್ದೆ. ಪಕ್ಕದಲ್ಲೇ ಒಬ್ಬ ಹುಡುಗ ಒಂದು ಕಿವಿಗೆ ಬೆರಳು ತುರುಕಿಕೊಂಡು, ಇನ್ನೊಂದು ಕಿವಿಗೆ ಫೋನು ಒತ್ತಿಕೊಂಡು ಗೋಡೆ ಕಡೆ ತಿರುಗಿ ನಿಂತಿದ್ದ. ‘ಎಸ್ ಸಾರ್... ಎಸ್ ಸಾರ್... ಕೇಳಿಸ್ತಿಲ್ಲ ಸಾರ್...’ ಅಷ್ಟು ಹೊತ್ತಿಗೆ ಸರಿಯಾಗಿ ಕಂಡಕ್ಟರ್ ಮಹಾಶಯರು ‘ಚನ್ನಪಟ್ಣ, ಮದ್ದೂರ್, ಮಂಡ್ಯ, ಮೈಸೂರ್’ ಎಂದು ಇಡೀ ಹಳೇ ಮೈಸೂರನ್ನೇ ಕೂಗಿ ಕರೆದರು. ಹಿಂದಿನಿಂದ ಒಂದು ಹಾರನ್ನು. ಎರಡೇ ನಿಮಿಷ, ಫೋನು ಕಟ್ಟು.

‘ಏನಪ್ಪಾ ಸಮಾಚಾರ?’ ಅಂದೆ.

‘ಇಂಟರ್‌ವ್ಯೂ ಸಾರ್. ಪಾರ್ಕಲ್ಲಿ ಆಟದ ಮಿಷನ್ ನಡೆಸೋ ಕೆಲಸ. ಆಮೇಲೆ ಮಾಡ್ತೀವಿ ಅಂದ್ರು.’

ಆಮೇಲೆ ಮಾಡ್ತೀವಿ ಅಂದರೆ ಏನರ್ಥ ಅಂತ ಅವನಿಗೂ ಗೊತ್ತು, ನನಗೂ ಗೊತ್ತು, ಟೀ ಅಂಗಡಿ ಯಜಮಾನರಿಗೂ ಗೊತ್ತು. ಯಜಮಾನರು ಅವನ ಹತ್ತಿರ ಟೀ ದುಡ್ಡು ತಗೊಳ್ಳಲಿಲ್ಲ.

ಯಾವ ಪಾರ್ಕು ಅಂತ ಇಲ್ಲಿ ಬರೆಯುವುದಿಲ್ಲ. ಯಾಕಪ್ಪಾ ಅಂದರೆ ತಪ್ಪು ಅವರದಲ್ಲ. ಅರ್ಧ ತಪ್ಪು ಆ ಹುಡುಗನದು, ಇನ್ನರ್ಧ ನಮ್ಮ ಊರಿನದು. ಎರಡನ್ನೂ ಬಿಚ್ಚಿ ಹೇಳುವುದೇ ಇವತ್ತಿನ ಅಂಕಣದ ಉದ್ದೇಶ.

ಕೆಲಸ ಇದೆ, ಕಿವಿ ಇಲ್ಲ

ಬಿಡದಿ ಹತ್ತಿರ ವಂಡರ್‌ಲಾ ಬಾಗಿಲು ತೆರೆದದ್ದು 2005ರಲ್ಲಿ. ಅತ್ತ ಮೈಸೂರಿನಲ್ಲಿ ಜಿಆರ್‌ಎಸ್ ಪಾರ್ಕಿದೆ. ಇಂಥ ಜಾಗದಲ್ಲಿ ಬರೀ ಇಂಜಿನಿಯರುಗಳಿಗೆ ಕೆಲಸ ಅಂತ ತಿಳಿಯಬೇಡಿ. ಟಿಕೆಟ್ ಕೌಂಟರಿಗೆ ಜನ ಬೇಕು, ನೀರಿನ ಕೊಳದ ಪಕ್ಕ ಕಾವಲಿಗೆ ಈಜು ಬಲ್ಲವರು ಬೇಕು, ಹೋಟೆಲಿಗೆ, ಲಾಕರಿಗೆ, ಸ್ವಚ್ಛತೆಗೆ ಬೇಕು. ಐಟಿಐ ಮಾಡಿದ ಫಿಟ್ಟರ್, ಎಲೆಕ್ಟ್ರೀಷಿಯನ್ ಹುಡುಗರಿಗೆ ಹೇಳಿ ಮಾಡಿಸಿದ ಕೆಲಸವೂ ಉಂಟು. ಬೇಸಿಗೆ ರಜೆ, ದಸರಾ ರಜೆ ಬಂತೆಂದರೆ ಜಾತ್ರೆಯಷ್ಟು ಜನ.

ಆದರೆ ಮೊದಲಿನಂತೆ ಅರ್ಜಿ ಹಿಡಿದು ಗೇಟಿನ ಮುಂದೆ ಸಾಲು ನಿಲ್ಲುವ ಕಾಲ ಕಡಿಮೆಯಾಯಿತು. ಈಗ ಎಷ್ಟೋ ಕಡೆ ಮೊದಲ ಜರಡಿ ಫೋನಿನಲ್ಲಿ, ಎರಡನೆಯದು ವಿಡಿಯೋ ಕಾಲಿನಲ್ಲಿ. ಕೆಲವು ಕಂಪನಿಗಳಲ್ಲಿ ಎದುರಿಗೆ ಮನುಷ್ಯನೇ ಇರುವುದಿಲ್ಲ ಸ್ವಾಮಿ! ಪರದೆ ಮೇಲೆ ಪ್ರಶ್ನೆ ಮೂಡುತ್ತದೆ, ಯೋಚಿಸಲು ಅರ್ಧ ನಿಮಿಷವೋ ಒಂದು ನಿಮಿಷವೋ ಕೊಡುತ್ತದೆ, ಆಮೇಲೆ ನೀವು ಹೇಳಿದ್ದನ್ನೆಲ್ಲ ತುಂಬಿಕೊಳ್ಳುತ್ತದೆ. ಯಾರೋ ನಾಳೆ ನಾಡಿದ್ದು ನೋಡುತ್ತಾರೆ. ಕಣ್ಣಿಗೆ ಕಾಣದ ಸಾಹೇಬರ ಮುಂದೆ ನಗುನಗುತ್ತಾ ಮಾತಾಡುವ ವಿದ್ಯೆಯನ್ನು ನಮ್ಮ ಹುಡುಗರಿಗೆ ಯಾವ ಕಾಲೇಜೂ ಹೇಳಿಕೊಟ್ಟಿಲ್ಲ.

ಹುಡುಗರೇ, ಇದನ್ನು ಕೇಳಿ

ಮೊದಲನೆಯದಾಗಿ, ನಿಮ್ಮ ಕಾಲರ್ ಟ್ಯೂನು. ಕೆಲಸ ಕೊಡುವವರು ಫೋನು ಮಾಡಿದಾಗ ಕುಣಿತದ ಹಾಡು ಕೇಳಿಸಿದರೆ ಅವರೇನು ಕುಣಿಯುವುದಿಲ್ಲ. ತೆಗೆಸಿಬಿಡಿ. ವಾಟ್ಸಪ್ಪಿನಲ್ಲಿ ಹುಲಿ, ಸಿಂಹ, ಕತ್ತಿ ಹಿಡಿದ ಹೀರೋ ಇದ್ದರೆ ಕೆಲವು ದಿನಕ್ಕಾದರೂ ನಿಮ್ಮ ಮುಖವನ್ನೇ ಹಾಕಿ. ವಿಡಿಯೋ ಕಾಲಿನಲ್ಲಿ ಮೂಡುವ ಹೆಸರು ನಿಮ್ಮ ಅಪ್ಪ ಅಮ್ಮ ಇಟ್ಟ ಹೆಸರಾಗಿರಲಿ.

ಎರಡನೆಯದು, ಗೊತ್ತಿಲ್ಲದ ನಂಬರು ಅಂತ ಫೋನು ಕಟ್ ಮಾಡುವ ಚಾಳಿ. ಅರ್ಜಿ ಹಾಕಿದ ಮೇಲೆ ಪ್ರತಿ ನಂಬರೂ ಲಕ್ಷ್ಮಿಯೇ. ಬಸ್ಸಿನಲ್ಲಿರುವಾಗ ಕಾಲ್ ಬಂದರೆ ಹೆದರಬೇಡಿ. ‘ಸಾರ್, ಬಸ್ಸಿನಲ್ಲಿದ್ದೇನೆ, ಅರ್ಧ ಗಂಟೆ ಬಿಟ್ಟು ನಾನೇ ಮಾಡಲೇ?’ ಅಂತ ಕೇಳಿದರೆ ಯಾರೂ ತಲೆ ತೆಗೆಯುವುದಿಲ್ಲ. ನಮ್ಮ ಆ ಹುಡುಗ ಇದೊಂದು ಮಾತು ಹೇಳಿದ್ದರೆ ಇವತ್ತಿನ ಅಂಕಣವೇ ಇರುತ್ತಿರಲಿಲ್ಲ.

ಮೂರನೆಯದು, ಸಿದ್ಧತೆ. ಫೋನು ಪೂರ್ತಿ ಚಾರ್ಜ್ ಆಗಿರಲಿ, ಡೇಟಾ ಖಾಲಿಯಾಗದಿರಲಿ. ಅವರು ಹೇಳಿದ ಆ್ಯಪನ್ನು ಹಿಂದಿನ ದಿನವೇ ಹಾಕಿಕೊಂಡು ಗೆಳೆಯನ ಜೊತೆ ಒಮ್ಮೆ ಮಾತಾಡಿ ನೋಡಿ. ಬೆಳಕು ಮುಖದ ಮೇಲೆ ಬೀಳಬೇಕು. ಕಿಟಕಿಗೆ ಬೆನ್ನು ಮಾಡಿ ಕೂತರೆ ನೀವು ಕಾಣುವುದಿಲ್ಲ, ನಿಮ್ಮ ನೆರಳು ಕಾಣುತ್ತದೆ. ಫೋನನ್ನು ಕೈಯಲ್ಲಿ ಹಿಡಿಯದೆ ಕಣ್ಣಿನ ಮಟ್ಟಕ್ಕೆ ಡಬ್ಬಕ್ಕೋ ಪುಸ್ತಕಕ್ಕೋ ಒರಗಿಸಿಡಿ. ಬರೀ ಫೋನ್ ಮಾತಾದರೆ ಮುಂದೊಂದು ಹಾಳೆ ಇಟ್ಟುಕೊಂಡು ಓದಿದ್ದು, ಮಾಡಿದ್ದು, ಕೇಳಬೇಕಾದ್ದು ಬರೆದಿಡಿ. ನೋಡಿಕೊಂಡು ಹೇಳಿದರೆ ಯಾರಿಗೆ ಕಾಣುತ್ತೆ? ಆದರೆ ಪಾಠ ಒಪ್ಪಿಸಿದ ಹಾಗೆ ಓದಬೇಡಿ, ಅದು ದನಿಯಲ್ಲೇ ಗೊತ್ತಾಗುತ್ತದೆ. ನಗುವೂ ದನಿಯಲ್ಲಿ ಗೊತ್ತಾಗುತ್ತದೆ.

ನಿಜವಾದ ಪರೀಕ್ಷೆ ಇಲ್ಲಿದೆ

ಇದೆಲ್ಲ ಮೇಲಿನ ಬಣ್ಣ. ಪಾರ್ಕಿನವರು ತಿಳಿಯಬೇಕಾದ್ದು ಒಂದೇ. ಈ ಹುಡುಗನ ಕೈಗೆ ಜನರ ಪ್ರಾಣ ಕೊಡಬಹುದೋ ಇಲ್ಲವೋ?

2019ರ ಜುಲೈನಲ್ಲಿ ಅಹಮದಾಬಾದಿನ ಕಂಕಾರಿಯಾ ಕೆರೆ ಹತ್ತಿರ ತೂಗುವ ಆಟದ ಯಂತ್ರ ಮುರಿದು ಬಿದ್ದು ಜನ ಸತ್ತರು. ಆಟದ ಯಂತ್ರ ಅಂದರೆ ಆಟವಲ್ಲ. ಅಮೆರಿಕದಲ್ಲಿ 1955ರಲ್ಲಿ ಮೊದಲ ಪಾರ್ಕು ತೆರೆದ ಡಿಸ್ನಿಯವರು ತಮ್ಮ ನೌಕರರನ್ನು ನಾಟಕದ ಪಾತ್ರಧಾರಿಗಳೆಂದು ಕರೆಯುತ್ತಾರೆ. ಆದರೂ ಅವರು ಕಲಿಸುವ ಪಾಠದಲ್ಲಿ ಸುರಕ್ಷತೆ ಮೊದಲು, ಸೌಜನ್ಯ ಮತ್ತು ಪ್ರದರ್ಶನ ಆಮೇಲೆ.

ಹಾಗಾಗಿ ಈ ಥರದ ಪ್ರಶ್ನೆ ಬರಬಹುದು: ‘ಮಗು ನಿಗದಿತ ಎತ್ತರಕ್ಕಿಂತ ಎರಡು ಇಂಚು ಕಡಿಮೆ ಇದೆ. ಟಿಕೆಟ್ ದುಡ್ಡು ಕೊಟ್ಟಿದ್ದೀನಿ, ಹತ್ತಿಸು ಅಂತ ಅಪ್ಪ ಜಗಳಕ್ಕೆ ಬಂದಿದ್ದಾನೆ. ಏನು ಮಾಡ್ತೀಯಾ?’

ನಮ್ಮ ಹುಡುಗರಲ್ಲಿ ಒಬ್ಬ ‘ಅಡ್ಜಸ್ಟ್ ಮಾಡ್ತೀನಿ ಸಾರ್’ ಅಂತಾನೆ. ಇನ್ನೊಬ್ಬ ‘ಬಿಡಲ್ಲ ಸಾರ್, ಬಯ್ದು ಕಳಿಸ್ತೀನಿ’ ಅಂತಾನೆ. ಇಬ್ಬರಿಗೂ ಕೆಲಸ ಸಿಗಲಿಕ್ಕಿಲ್ಲ. ಮಗುವನ್ನು ಹತ್ತಿಸಬಾರದು, ಅಪ್ಪನನ್ನು ಅವಮಾನ ಮಾಡಬಾರದು. ‘ಕ್ಷಮಿಸಿ ಸಾರ್, ಈ ಪಟ್ಟಿ ಮಗುವಿನ ಮೈಗೆ ಬಿಗಿಯಾಗಿ ಕೂರುವುದಿಲ್ಲ, ಅದಕ್ಕೇ ಈ ನಿಯಮ. ಅಲ್ಲಿ ಮಕ್ಕಳ ಆಟ ಇದೆ, ಬನ್ನಿ ತೋರಿಸ್ತೀನಿ’ ಎನ್ನಬೇಕು. ಆಗಲೂ ಬಗ್ಗದಿದ್ದರೆ ಮೇಲಿನವರನ್ನು ಕರೆಯಬೇಕು. ‘ನಡುವೆ ಕರೆಂಟು ಹೋಯಿತು, ಜನ ಮೇಲೆ ಸಿಕ್ಕಿಕೊಂಡಿದ್ದಾರೆ’ ಅಂದರೂ ಅಷ್ಟೇ. ಶೂರನಂತೆ ಹತ್ತಿ ಪಟ್ಟಿ ಬಿಚ್ಚುತ್ತೇನೆ ಅನ್ನಬಾರದು. ಜನರಿಗೆ ಧೈರ್ಯ ಹೇಳುತ್ತೇನೆ, ಮೇಲ್ವಿಚಾರಕರಿಗೆ ತಿಳಿಸುತ್ತೇನೆ, ಕಲಿಸಿದ ಕ್ರಮದಂತೆ ನಡೆಯುತ್ತೇನೆ ಅನ್ನಬೇಕು.

ಅನುಭವ ಇಲ್ಲವಲ್ಲ ಅಂತೀರಾ? ಅಂಗಡಿ ಗಲ್ಲದ ಮೇಲೆ ಕೂತು ಗಿರಾಕಿ ಜಗಳ ಬಿಡಿಸಿಲ್ಲವೇ? ಊರ ಹಬ್ಬದಲ್ಲಿ ಸಾಲು ನಿಲ್ಲಿಸಿ ಊಟ ಬಡಿಸಿಲ್ಲವೇ? ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ಅಪ್ಪನ ಜೊತೆ ಲೆಕ್ಕ ನೋಡಿಲ್ಲವೇ? ಅದೇ ಅನುಭವ. ಏನಾಗಿತ್ತು, ನೀನೇನು ಮಾಡಿದೆ, ಕೊನೆಗೆ ಏನಾಯಿತು, ಇಷ್ಟನ್ನು ಒಂದೂವರೆ ನಿಮಿಷದಲ್ಲಿ ಹೇಳುವುದು ರೂಢಿಯಾಗಲಿ.

ಭಾನುವಾರ ಬರ್ತೀಯಾ ಅಂತಲೂ ಕೇಳುತ್ತಾರೆ. ಊರಿಗೆಲ್ಲ ರಜವಿದ್ದಾಗಲೇ ಅಲ್ಲಿ ಕೆಲಸ. ಸುಳ್ಳು ಹೇಳಬೇಡಿ. ಹೆಣ್ಣುಮಕ್ಕಳು ಪಾಳಿ ಎಷ್ಟಕ್ಕೆ ಮುಗಿಯುತ್ತೆ, ವಾಪಸ್ ಬರಲು ಕಂಪನಿ ಬಸ್ಸಿದೆಯಾ ಅಂತ ಧೈರ್ಯವಾಗಿ ಕೇಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಬಿಟ್ಟಿ ನಿಜ, ಆದರೆ ಬಸ್ಸು ಬಂದರೆ ತಾನೇ ಬಿಟ್ಟಿ! ಕೆಲಸ ಕಂಪನಿಯದೋ ಗುತ್ತಿಗೆದಾರರದೋ, ಪಿಎಫ್ ಇಎಸ್‌ಐ ಇದೆಯೋ ಇಲ್ಲವೋ, ಇದನ್ನೂ ಕೊನೆಯಲ್ಲಿ ವಿನಯದಿಂದ ಕೇಳಿ. ಕೇಳಿದವರು ಕೆಡಲಿಲ್ಲ.

ಮತ್ತೊಂದು ಮಾತು. ಇಂಟರ್‌ವ್ಯೂಗೆ ಮುಂಚೆ ಸಮವಸ್ತ್ರಕ್ಕೆ ಇಷ್ಟು, ಟ್ರೈನಿಂಗಿಗೆ ಇಷ್ಟು ಫೋನ್‌ಪೇ ಮಾಡು ಅಂದವನು ಕೆಲಸ ಕೊಡುವವನಲ್ಲ, ಕಳ್ಳ. ಓಟಿಪಿ ಕೇಳಿದರೆ ಫೋನಿಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಫೋನು ಮಾಡಿ.

ಇನ್ನು ನಮ್ಮ ಸರದಿ

ಹುಡುಗರಿಗೆ ಬುದ್ಧಿ ಹೇಳಿದ್ದಾಯಿತು. ಆದರೆ ನಿಶ್ಶಬ್ದವಾಗಿ ಕೂತು ಮಾತಾಡು ಅಂತೀವಲ್ಲ, ಎಲ್ಲಿ ಕೂರಬೇಕು? ಎರಡು ಕೋಣೆ ಮನೆ, ಒಂದರಲ್ಲಿ ಟೀವಿ, ಇನ್ನೊಂದರಲ್ಲಿ ಕೆಮ್ಮುವ ಅಜ್ಜ. ಹಳ್ಳಿಯಲ್ಲಿ ನೆಟ್‌ವರ್ಕ್ ಬೇಕಾದರೆ ತೆಂಗಿನ ಮರದ ಕೆಳಗೆ ಹುಡುಕಬೇಕು.

ವರ್ತಕರೇ, ನೀವು ಕಟ್ಟಡದ ತೆರಿಗೆ ಕಟ್ಟುವಾಗ ರಸೀದಿಯನ್ನು ಒಮ್ಮೆ ಕನ್ನಡಕ ಹಾಕಿಕೊಂಡು ನೋಡಿ. ಗ್ರಂಥಾಲಯ ಕರ ಅಂತ ನೂರಕ್ಕೆ ಆರು ರೂಪಾಯಿ ಸೇರಿರುತ್ತದೆ. 1965ರ ಗ್ರಂಥಾಲಯ ಕಾಯ್ದೆಯ ಕಾಲದಿಂದ ಕರ ಕೊಡುತ್ತಾ ಬಂದಿದ್ದೇವೆ. ಆ ದುಡ್ಡಿನ ಗ್ರಂಥಾಲಯದಲ್ಲಿ ಬಾಗಿಲು ಹಾಕಿಕೊಳ್ಳುವ ಒಂದು ಸಣ್ಣ ಕೋಣೆ, ಒಂದು ಮೇಜು, ಒಂದು ದೀಪ, ಒಂದು ಚಾರ್ಜರು, ವೈಫೈ ಕೊಡಲಾಗದೇ? ದಿನಕ್ಕೆ ಹತ್ತು ಮಂದಿಗೆ ಅರ್ಧರ್ಧ ಗಂಟೆ ಅಂತ ಹೆಸರು ಬರೆಸಿಕೊಂಡರೆ ಸಾಕು. ಹಳ್ಳಿಗಳಲ್ಲಿ ಪಂಚಾಯಿತಿಯ ಅರಿವು ಕೇಂದ್ರಗಳೂ ಇದನ್ನೇ ಮಾಡಬಹುದು.

ಅಲ್ಲಿಯ ತನಕ ಅಂಗಡಿಯವರೇ ದೊಡ್ಡ ಮನಸ್ಸು ಮಾಡಲಿ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತು ಗೋದಾಮಿನ ಒಂದು ಮೂಲೆ ಸಾಕು. ಮೂಟೆಗಳ ನಡುವೆ ಎಷ್ಟು ನಿಶ್ಶಬ್ದ ಇರುತ್ತದೆ ಅಂತ ಮೂಟೆ ಎತ್ತಿದವರಿಗೇ ಗೊತ್ತು.

ನಮ್ಮ ಜಿಲ್ಲೆಯ ಹೆಸರು 2025ರಲ್ಲಿ ಬೆಂಗಳೂರು ದಕ್ಷಿಣ ಆಯಿತು. ಬೋರ್ಡು ಬರೆಸಲು ದುಡ್ಡಿದ್ದ ಮೇಲೆ ಒಂದು ಬಾಗಿಲಿರುವ ಕೋಣೆಗೂ ಇದ್ದೀತು. ಬಸ್ ಸ್ಟ್ಯಾಂಡಿನ ಗೋಡೆಗೆ ಮುಖ ಮಾಡಿ ನಿಂತ ಆ ಹುಡುಗನ ಬೆನ್ನು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?