ಮಾರಲಾಗದ ವಾರಗಳು, ಮುಗಿಯದ ಕಟ್ಟಡಗಳು

ಅಡಿಕೆ ಬೆಳೆಗಾರನು ಮಂಡಿಗೆ ಹೋದರೆ ಅಂದಿನ ಧಾರಣೆ ಏನೆಂಬುದು ಅವನಿಗೆ ತಿಳಿಯುತ್ತದೆ. ಧಾರಣೆ ಕುಸಿದಿರಬಹುದು, ತೂಕದಲ್ಲಿ ವ್ಯತ್ಯಾಸವೂ ಆಗಿರಬಹುದು. ಆದರೂ ಸರಕಿಗೊಂದು ಬೆಲೆಯಿದೆ, ಕೊಳ್ಳುವವನೊಬ್ಬನಿದ್ದಾನೆ. ಹಳೆಯ ಸೀರೆಗಾದರೂ ಪಾತ್ರೆ ಕೊಡುವವರು ಬೀದಿಯಲ್ಲಿ ಬರುತ್ತಾರೆ. ಆದರೆ ಲಕ್ಷಗಟ್ಟಲೆ ರೂಪಾಯಿ ಕೊಟ್ಟು ಕೊಂಡ ಮರುದಿನವೇ ಕೇಳುವವರಿಲ್ಲದಂತಾಗುವ ಸರಕೊಂದು ಮೂರೂವರೆ ದಶಕಗಳಿಗೂ ಮಿಕ್ಕಿದ ಕಾಲದಿಂದ ಗುಡ್ಡಗಾಡಿನ ತಂಪು, ಮಂಜು, ಹಸಿರುಗಳ ಹೆಸರಿನಲ್ಲಿಯೇ ಮಾರಾಟವಾಗುತ್ತ ಬಂದಿದೆ. ಅದರ ಹೆಸರು ಟೈಮ್‌ಶೇರ್.

ಟೈಮ್‌ಶೇರ್ ಎಂದರೆ ರೆಸಾರ್ಟ್‌ನ ಕೋಣೆಯನ್ನು ವಾರಗಳ ಲೆಕ್ಕದಲ್ಲಿ ತುಂಡುಮಾಡಿ ಮಾರುವ ವ್ಯವಹಾರ. ಒಂದು ಕೋಣೆಗೆ ವರ್ಷದಲ್ಲಿ 52 ವಾರಗಳು. ದುರಸ್ತಿಗೆಂದು ಒಂದೆರಡು ವಾರ ಉಳಿಸಿಕೊಂಡು ಮಿಕ್ಕ ಒಂದೊಂದು ವಾರವನ್ನೂ ಒಬ್ಬೊಬ್ಬರಿಗೆ ಮಾರಿದರೆ ಒಂದೇ ಕೋಣೆಗೆ ಐವತ್ತು ಮಂದಿ ಹಣ ಕೊಟ್ಟಂತಾಗುತ್ತದೆ. ಭಾರತದಲ್ಲಿ ಇದು ಸಾಮಾನ್ಯವಾಗಿ ಸ್ವತ್ತಿನ ಒಡೆತನವಲ್ಲ. 25 ವರ್ಷ, ಕೆಲವು ಹಳೆಯ ಒಪ್ಪಂದಗಳಲ್ಲಿ 99 ವರ್ಷ, ತಂಗುವ ಹಕ್ಕು ಮಾತ್ರ. ಆ ಹಕ್ಕನ್ನು ಬಳಸಲಿ ಬಿಡಲಿ, ವರ್ಷಂಪ್ರತಿ ನಿರ್ವಹಣಾ ಶುಲ್ಕ ಕಟ್ಟಬೇಕು. ಅದು ವರ್ಷದಿಂದ ವರ್ಷಕ್ಕೆ ಏರುವುದೇ ರೂಢಿ.

ಪೇಟೆಯ ಮಧ್ಯಮ ವರ್ಗದವರ ಈ ಚಿಂತೆಗೂ ಘಟ್ಟದ ಹಳ್ಳಿಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಹುಟ್ಟಿನಿಂದಲೇ ಇದು ಬೆಟ್ಟದ ವ್ಯಾಪಾರ. 1967ರಲ್ಲಿ ಫ್ರಾನ್ಸಿನ ಆಲ್ಪ್ಸ್ ಪರ್ವತದ ಸೂಪರ್‌ದೆವೋಲುಯಿ ಎಂಬ ಹಿಮಕ್ರೀಡಾ ತಾಣದಲ್ಲಿ ಈ ಬಗೆಯ ಮಾರಾಟ ಜನಪ್ರಿಯವಾಯಿತು. ಕೋಣೆಯನ್ನು ಬಾಡಿಗೆಗೆ ಹಿಡಿಯುವುದಕ್ಕಿಂತ ಹೋಟೆಲನ್ನೇ ಕೊಳ್ಳುವುದು ಅಗ್ಗ ಎಂಬ ಅರ್ಥದ ಘೋಷಣೆ ಅಂದಿನದು. ಭಾರತಕ್ಕೆ ಇದು ಬಂದದ್ದು 1980ರ ದಶಕದ ಉತ್ತರಾರ್ಧದಲ್ಲಿ. 1986ರಲ್ಲಿ ಮದ್ರಾಸಿನಲ್ಲಿ ಆರಂಭವಾದ ಸ್ಟರ್ಲಿಂಗ್ ಕಂಪನಿ ಕೊಡೈಕೆನಾಲ್, ಊಟಿಗಳ ವಾರಗಳನ್ನು ಮಾರಿತು. 1996ರಲ್ಲಿ ಮಹೀಂದ್ರ ಸಮೂಹ ಈ ಕ್ಷೇತ್ರಕ್ಕಿಳಿಯಿತು; ಮುನ್ನಾರ್, ಮುಂದೆ ಮಡಿಕೇರಿ ಅದರ ಪಟ್ಟಿಗೆ ಸೇರಿದವು. ಸಹ್ಯಾದ್ರಿ ಮತ್ತು ನೀಲಗಿರಿಯ ಹೆಸರಾಂತ ಊರುಗಳೆಲ್ಲ ಹೀಗೆ ವಾರಗಳಾಗಿ ಕತ್ತರಿಸಲ್ಪಟ್ಟವು.

ಕೊಂಡವರು ಮಾರಲು ಹೊರಟಾಗ ಏನಾಗುತ್ತದೆ ಎಂಬುದನ್ನು ಗಮನಿಸಿದರೆ ಈ ವ್ಯವಹಾರದ ಒಳಗುಟ್ಟು ತಿಳಿಯುತ್ತದೆ. ಟೈಮ್‌ಶೇರ್ ಅತಿ ಹೆಚ್ಚು ಬೇರೂರಿರುವ ಅಮೆರಿಕದಲ್ಲಿ ಹೊಸ ಸದಸ್ಯತ್ವದ ಸರಾಸರಿ ಬೆಲೆ 20 ಸಾವಿರ ಡಾಲರನ್ನೂ, ವರ್ಷದ ನಿರ್ವಹಣಾ ಶುಲ್ಕದ ಸರಾಸರಿ ಒಂದು ಸಾವಿರ ಡಾಲರನ್ನೂ ಮೀರಿದೆ. ಅಲ್ಲಿಯೇ ಎರಡನೆಯ ಕೈಯ ವಾರಗಳು ಒಂದು ಡಾಲರಿಗೆ ಹರಾಜಿಗೆ ಬಂದು, ಅದಕ್ಕೂ ಗಿರಾಕಿಯಿಲ್ಲದೆ ಉಳಿಯುವುದುಂಟು. ಕಾರಣ ನಿಗೂಢವೇನಲ್ಲ. ಮೊದಲ ಕೊಳ್ಳುವವನು ಕೊಟ್ಟ ಹಣದ ಬಹು ದೊಡ್ಡ ಪಾಲು ಉಚಿತ ಊಟ, ಉಡುಗೊರೆ, ಜಾಹೀರಾತು ಮತ್ತು ದಲ್ಲಾಳಿಯ ಕಮಿಷನ್ನಿಗೆ ಸಂದಿರುತ್ತದೆ. ಆ ಪಾಲು ಕೋಣೆಯಲ್ಲೂ ಇಲ್ಲ, ಬೆಟ್ಟದಲ್ಲೂ ಇಲ್ಲ; ಹಾಗಾಗಿ ಮರುಮಾರಾಟದಲ್ಲಿ ಅದು ಹಿಂದಿರುಗುವುದಿಲ್ಲ. ಮೇಲಾಗಿ, ಮಾರುವವನ ಮೊದಲ ಪ್ರತಿಸ್ಪರ್ಧಿ ಅವನಿಗೆ ಮಾರಿದ ಕಂಪನಿಯೇ. ಅದರ ಬಳಿ ದೊಡ್ಡ ಮಾರಾಟಪಡೆಯಿದೆ, ಕಂತಿನ ಸೌಲಭ್ಯವಿದೆ, ಇನ್ನೂ ಖಾಲಿಯಿರುವ ಹೊಸ ವಾರಗಳಿವೆ. ಸಾಲದುದಕ್ಕೆ ವರ್ಗಾವಣೆಗೆ ಕಂಪನಿಯ ಒಪ್ಪಿಗೆ ಬೇಕು, ಶುಲ್ಕ ಬೇಕು. ಎರಡನೆಯ ಕೈಯಲ್ಲಿ ಕೊಂಡವರಿಗೆ ಮೊದಲಿನವರಿಗಿದ್ದ ಸವಲತ್ತುಗಳು ದೊರೆಯದಂತೆ ಷರತ್ತು ಹಾಕುವುದೂ ಉಂಟು. ಹಳೆಯ ವಾರಗಳಿಗೆ ತಕ್ಕಮಟ್ಟಿಗೆ ಬೆಲೆ ಉಳಿಸಿಕೊಂಡಿರುವ ಅಪರೂಪದ ಹೆಸರು ಡಿಸ್ನಿ. ಅದೂ 2019ರ ಜನವರಿಯ ಬಳಿಕ ಮರುಮಾರಾಟದಲ್ಲಿ ಕೊಂಡವರನ್ನು ತನ್ನ ಹೊಸ ರೆಸಾರ್ಟ್‌ಗಳಿಂದ ಹೊರಗಿಟ್ಟಿತು.

ಮಾರಲಾಗದವರ ಹತಾಶೆಯೇ ಇನ್ನೊಂದು ದಂಧೆಗೆ ಬಂಡವಾಳವಾಗಿದೆ. ದೂರವಾಣಿ ಕರೆ ಬರುತ್ತದೆ: ಗಿರಾಕಿ ಸಿದ್ಧನಿದ್ದಾನೆ, ಒಳ್ಳೆಯ ಬೆಲೆ ಕುದುರಿದೆ, ನೋಂದಣಿಗೆಂದೋ ತೆರಿಗೆಗೆಂದೋ ಇಷ್ಟು ಹಣ ಮುಂಗಡ ಕಳುಹಿಸಿ. ಹಣ ಹೋಗುತ್ತದೆ, ಗಿರಾಕಿ ಬರುವುದಿಲ್ಲ. ಮೆಕ್ಸಿಕೋದ ರೆಸಾರ್ಟ್‌ಗಳಲ್ಲಿ ವಾರ ಕೊಂಡ ಅಮೆರಿಕನ್ನರ ಪೈಕಿ ಸುಮಾರು ಆರು ಸಾವಿರ ಮಂದಿ 2019ರಿಂದ 2023ರವರೆಗೆ ಇಂಥ ವಂಚನೆಗಳಲ್ಲಿ ಸುಮಾರು 30 ಕೋಟಿ ಡಾಲರ್ ಕಳೆದುಕೊಂಡರೆಂದು ಅಲ್ಲಿನ ಎಫ್‌ಬಿಐ ಲೆಕ್ಕ ಹೇಳಿತು. ದಂಧೆಯ ಹಿಂದೆ ಮಾದಕವಸ್ತುಗಳ ಭೂಗತ ತಂಡವೇ ಇತ್ತು; 2023ರಲ್ಲಿ ಅಮೆರಿಕದ ಖಜಾನೆ ಇಲಾಖೆ ಅದಕ್ಕೆ ಸಂಬಂಧಿಸಿದ ಕಂಪನಿಗಳ ಮೇಲೆ ನಿರ್ಬಂಧ ಹೇರಿತು. ಭಾರತದಲ್ಲಿಯೂ ಇದೇ ಮಾದರಿಯ ಕರೆಗಳು ನಿವೃತ್ತ ನೌಕರರನ್ನು, ಶಿಕ್ಷಕರನ್ನು ಹುಡುಕಿಕೊಂಡು ಬರುತ್ತಿವೆ. ಇಂಥ ಕಾಲ್‌ಸೆಂಟರುಗಳಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂರುವವರಲ್ಲಿ ಮಲೆನಾಡಿನಿಂದ ಕೆಲಸ ಅರಸಿ ಪೇಟೆ ಸೇರಿದ ಪದವೀಧರರೂ ಇರಬಹುದೆಂಬುದನ್ನು ಮರೆಯುವಂತಿಲ್ಲ.

ಯುರೋಪಿನ ದೇಶಗಳು ಈ ವಿಷಯದಲ್ಲಿ ಮುಂದಿವೆ. ಐರೋಪ್ಯ ಒಕ್ಕೂಟದ 2008ರ ನಿರ್ದೇಶನದಂತೆ ಕೊಂಡವರಿಗೆ ಕಾರಣ ಹೇಳದೆ ಹಿಂದೆ ಸರಿಯಲು 14 ದಿನಗಳ ಅವಕಾಶವಿದೆ; ಮಾರಿಕೊಡುತ್ತೇನೆ ಎನ್ನುವ ದಲ್ಲಾಳಿ ನಿಜವಾಗಿ ಮಾರಾಟ ಆಗುವ ಮೊದಲು ಒಂದು ಕಾಸನ್ನೂ ಪಡೆಯುವಂತಿಲ್ಲ. ಸ್ಪೇನಿನ ಸರ್ವೋಚ್ಚ ನ್ಯಾಯಾಲಯ 2015ರ ಜನವರಿಯಲ್ಲಿ, ಐವತ್ತು ವರ್ಷಗಳ ಮಿತಿಯನ್ನು ಧಿಕ್ಕರಿಸಿ ಅನಂತಕಾಲಕ್ಕೆಂದು ಬರೆದ ಒಪ್ಪಂದವನ್ನು ಅಸಿಂಧುವೆಂದು ಸಾರಿತು. ಅಮೆರಿಕದ ಫ್ಲಾರಿಡಾ ರಾಜ್ಯವೂ 2012ರಲ್ಲಿ ಮರುಮಾರಾಟದ ದಲ್ಲಾಳಿಗಳ ಮೇಲೆ ಹೊಣೆ ಹೊರಿಸುವ ಕಾಯಿದೆ ತಂದಿತು.

ಭಾರತದಲ್ಲಿ ಟೈಮ್‌ಶೇರ್‌ಗೆಂದೇ ರಚಿತವಾದ ಕಾಯಿದೆ ಇಲ್ಲ. ಈ ಕೊರತೆಯ ಬೆಲೆ ಎಷ್ಟೆಂಬುದಕ್ಕೆ ಮುಂಬಯಿಯ ಪ್ಯಾನ್‌ಕಾರ್ಡ್ ಕ್ಲಬ್ಸ್ ಪ್ರಕರಣ ಸಾಕ್ಷಿ. ಈ ಕಂಪನಿ ಹೋಟೆಲ್ ಕೋಣೆಗಳ ರಾತ್ರಿಗಳನ್ನು ಮಾರುತ್ತ, ಬಳಸದಿದ್ದರೆ ಅವಧಿಯ ಕೊನೆಗೆ ಹೆಚ್ಚಿನ ಮೊತ್ತ ಹಿಂದಿರುಗಿಸುವುದಾಗಿ ಹೇಳುತ್ತಿತ್ತು. ಅಂದರೆ ಮರುಮಾರಾಟದ ಭರವಸೆಯನ್ನೇ ಅದು ಸರಕನ್ನಾಗಿಸಿತ್ತು. ಬಹುತೇಕರಿಗೆ ಹೋಟೆಲಿನಲ್ಲಿ ಮಲಗುವ ಉದ್ದೇಶವಿರಲಿಲ್ಲ. ಅದು ಅವರ ಉಳಿತಾಯವಾಗಿತ್ತು. ಇದು ನೋಂದಣಿಯಿಲ್ಲದ ಸಾಮೂಹಿಕ ಹೂಡಿಕೆ ಯೋಜನೆಯೆಂದು ತೀರ್ಮಾನಿಸಿದ ಸೆಬಿ ಸಂಸ್ಥೆ, 51 ಲಕ್ಷಕ್ಕೂ ಮಿಕ್ಕಿದ ಹೂಡಿಕೆದಾರರಿಗೆ 7,035 ಕೋಟಿ ರೂಪಾಯಿಗಳನ್ನು ಮರಳಿಸುವಂತೆ 2016ರ ಫೆಬ್ರವರಿ 29ರಂದು ಆದೇಶಿಸಿತು. ಆದೇಶ ಹೊರಬಿದ್ದ ಮಾತ್ರಕ್ಕೆ ಹಣ ಕೈಸೇರುವುದಿಲ್ಲವೆಂಬುದನ್ನು ಆ ಲಕ್ಷಾಂತರ ಕುಟುಂಬಗಳು ಬಲ್ಲವು.

ಪರಿಸರದ ದೃಷ್ಟಿಯಿಂದ ನೋಡಿದರೆ ಮರುಮಾರಾಟದ ಪೇಟೆ ಸತ್ತಿರುವುದಕ್ಕೆ ಬೇರೊಂದು ಅರ್ಥವೂ ಇದೆ. ಪೇಟೆಯ ಕುಟುಂಬವೊಂದಕ್ಕೆ ಮಡಿಕೇರಿಯಲ್ಲಿ ವರ್ಷಕ್ಕೊಂದು ವಾರ ಬೇಕಾಗಿದೆ ಎಂದಿಟ್ಟುಕೊಳ್ಳೋಣ. ಇನ್ನೊಂದು ಕುಟುಂಬ ತನ್ನ ವಾರವನ್ನು ಯಾರಾದರೂ ತೆಗೆದುಕೊಂಡರೆ ಸಾಕೆಂದು ಕಾಯುತ್ತಿದೆ. ಇವರಿಬ್ಬರೂ ಸಂಧಿಸಿದರೆ ಹೊಸದೊಂದು ಕೋಣೆ ಕಟ್ಟುವ ಅಗತ್ಯವಿಲ್ಲ. ಗುಡ್ಡದ ಬದಿ ಕಡಿಯಬೇಕಿಲ್ಲ, ಇನ್ನೊಂದು ಕೊಳವೆ ಬಾವಿ ಕೊರೆಯಬೇಕಿಲ್ಲ. ಹಾಗೆ ನೋಡಿದರೆ ಎರಡನೆಯ ಕೈಯ ಪ್ರತಿಯೊಂದು ಮಾರಾಟವೂ ಬೆಟ್ಟಕ್ಕೆ ದೊರೆತ ಬಿಡುವು. ಆದರೆ ಆ ಮಾರಾಟದಿಂದ ಕಂಪನಿಗೆ ವರ್ಗಾವಣೆ ಶುಲ್ಕದ ಹೊರತು ಲಾಭವಿಲ್ಲ. ಅದರ ಲಾಭವಿರುವುದು ಹೊಸ ಸದಸ್ಯನಲ್ಲಿ. ಹೊಸ ಸದಸ್ಯನಿಗೆ ಹೊಸ ಕೋಣೆ ಬೇಕು. ದೇಶದ ಅತಿ ದೊಡ್ಡ ಕಂಪನಿಯಾದ ಮಹೀಂದ್ರ ಹಾಲಿಡೇಸ್ 2024ರ ಹೊತ್ತಿಗೆ ಸುಮಾರು ಮೂರು ಲಕ್ಷ ಸದಸ್ಯರನ್ನೂ ಐದು ಸಾವಿರಕ್ಕೂ ಮೇಲ್ಪಟ್ಟ ಕೋಣೆಗಳನ್ನೂ ಹೊಂದಿತ್ತು. 2030ರ ವೇಳೆಗೆ ಕೋಣೆಗಳನ್ನು ಹತ್ತು ಸಾವಿರಕ್ಕೆ ಏರಿಸುವ ಗುರಿ ಪ್ರಕಟಿಸಿದೆ. ಅವೆಲ್ಲವೂ ಬೆಟ್ಟದಲ್ಲೇ ಏಳುವುದಿಲ್ಲ ನಿಜ. ಹೊರಹೋಗಬಯಸುವ ಸದಸ್ಯರ ವಾರಗಳು ಮೊದಲು ಕೈಬದಲಾಗಲಿ, ಅನಂತರ ಹೊಸ ಅಡಿಪಾಯ ಬೀಳಲಿ ಎಂಬ ನಿಯಮ ಮಾತ್ರ ಎಲ್ಲಿಯೂ ಇಲ್ಲ.

ವಾರಗಳ ಬೆಲೆಪಟ್ಟಿಯೂ ಒಂದು ಪಾಠದಂತಿದೆ. 1974ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಆರ್‌ಸಿಐ ಎಂಬ ವಿನಿಮಯ ಸಂಸ್ಥೆ ಬೇಡಿಕೆಯ ವಾರಗಳನ್ನು ಕೆಂಪು, ನಡುವಿನವನ್ನು ಬಿಳಿ, ಬೇಡವಾದವನ್ನು ನೀಲಿ ಎಂದು ವಿಂಗಡಿಸುವ ರೂಢಿ ಬೆಳೆಸಿತು. ಘಟ್ಟದ ರೆಸಾರ್ಟ್‌ಗಳಲ್ಲಿ ಶಾಲೆಗಳಿಗೆ ಬೇಸಗೆ ರಜೆಯಿರುವ ಏಪ್ರಿಲ್, ಮೇ ತಿಂಗಳುಗಳದೇ ಹೆಚ್ಚಿನ ಬೆಲೆ. ಮರುಮಾರಾಟದಲ್ಲಿ ಅಲ್ಪಸ್ವಲ್ಪವಾದರೂ ಕೇಳುವವರಿರುವುದು ಈ ವಾರಗಳಿಗೆ ಮಾತ್ರ. ಹಳ್ಳ ಬತ್ತಿ, ಒರತೆಯ ತಳದಲ್ಲಿ ಕೊಡಕ್ಕೆ ನೀರು ಮೊಗೆಯುವ ತಿಂಗಳುಗಳೂ ಅವೇ. ಕುಡಿಯುವ ನೀರಿಗೆ ಟ್ಯಾಂಕರ್ ಓಡುವ ಹೊತ್ತಿನಲ್ಲಿಯೇ ಎಲ್ಲ ಕೋಣೆಗಳೂ ತುಂಬಿರುತ್ತವೆ. ಆಷಾಢದ ಮಳೆಯ ವಾರಗಳು ಬಹುಕಾಲ ನೀಲಿಯಾಗಿದ್ದವು. ಈಚೆಗೆ ‘ಮಳೆ ಪ್ರವಾಸ’ದ ಪ್ರಚಾರ ಅವನ್ನೂ ಏರಿಸುತ್ತಿದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದದ್ದು, 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಊರುಗಳು ಕೊಚ್ಚಿಹೋದದ್ದು ಇದೇ ಮಳೆಯ ವಾರಗಳಲ್ಲಿ.

ಗಿರಿಧಾಮಗಳ ತಾಳಿಕೆ ಮುಗಿಯುತ್ತಿದೆಯೆಂಬುದಕ್ಕೆ ನ್ಯಾಯಾಲಯದ ಆದೇಶವೇ ಇದೆ. ಮದ್ರಾಸ್ ಉಚ್ಚ ನ್ಯಾಯಾಲಯದ ನಿರ್ದೇಶನದಂತೆ 2024ರ ಮೇ 7ರಿಂದ ಊಟಿ ಮತ್ತು ಕೊಡೈಕೆನಾಲ್‌ಗೆ ಹೋಗುವ ವಾಹನಗಳಿಗೆ ಇ-ಪಾಸ್ ಕಡ್ಡಾಯವಾಯಿತು. ಮೂರು ದಶಕಗಳ ಹಿಂದೆ 99 ವರ್ಷಗಳ ವಾರ ಮಾರಿದವರು ಈ ಮಿತಿಯನ್ನು ಒಪ್ಪಂದದಲ್ಲಿ ಬರೆದಿದ್ದರೇ? ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ 2011ರಲ್ಲಿಯೇ ಪಶ್ಚಿಮ ಘಟ್ಟದಲ್ಲಿ ಹೊಸ ಗಿರಿಧಾಮಗಳು ಬೇಡವೆಂದಿತ್ತು. ಕಸ್ತೂರಿರಂಗನ್ ವರದಿ 20,000 ಚದರ ಮೀಟರ್ ಮೀರಿದ ಕಟ್ಟಡಗಳಿಗಷ್ಟೇ ತಡೆಯೊಡ್ಡಿತು. ಬಿಡಿಬಿಡಿಯಾಗಿ ಹರಡುವ ಕಾಟೇಜುಗಳು ಆ ಜಾಲದಿಂದ ಸುಲಭವಾಗಿ ನುಣುಚಿಕೊಳ್ಳಬಲ್ಲವು.

ರೆಸಾರ್ಟ್‌ಗಳಿಂದ ಉದ್ಯೋಗ ದೊರೆಯುತ್ತದೆಂಬ ವಾದವನ್ನು ತಳ್ಳಿಹಾಕಬೇಕಿಲ್ಲ. ಆದರೆ ಹೋಂಸ್ಟೇ ನಡೆಸುವ ರೈತನು ಅತಿಥಿಗಳು ಬಾರದಿದ್ದರೆ ಬಾಗಿಲು ಹಾಕಿ ತೋಟದ ಕಡೆಗೆ ತಿರುಗಬಲ್ಲನು. ಟೈಮ್‌ಶೇರ್ ಕಟ್ಟಡಕ್ಕೆ ಆ ಸ್ವಾತಂತ್ರ್ಯವಿಲ್ಲ. ಸಾವಿರಾರು ಮಂದಿಗೆ ಕಾಲು ಶತಮಾನದ ಮಾತು ಕೊಟ್ಟಾಗಿದೆ. ನೀರಿಲ್ಲದ ವರ್ಷವೂ ಅದು ನಡೆಯಲೇಬೇಕು. ಕಂಪನಿ ಮುಳುಗಿದರೆ ಸದಸ್ಯನ ಕೈಯಲ್ಲಿ ಕಾಗದ ಉಳಿಯುತ್ತದೆ, ಊರಿನ ನೆತ್ತಿಯ ಮೇಲೆ ಕಟ್ಟಡ ಉಳಿಯುತ್ತದೆ.

ಈಗಾಗಲೇ ವಾರ ಕೊಂಡು ಸಿಕ್ಕಿಬಿದ್ದವರು ಮಾಡಬಹುದಾದದ್ದು ಇಷ್ಟು. ಮಾರಿಕೊಡುವುದಾಗಿ ಹೇಳಿ ಮುಂಗಡ ಕೇಳುವವರಿಗೆ ಬಿಡಿಕಾಸೂ ಕೊಡಬಾರದು. ಕೊಟ್ಟು ಮೋಸಹೋದವರು ತಡಮಾಡದೆ 1930 ಸಂಖ್ಯೆಗೆ ಕರೆ ಮಾಡಿ ಸೈಬರ್ ಅಪರಾಧದ ದೂರು ದಾಖಲಿಸಬೇಕು. ಮೊದಲು ಕಂಪನಿಗೇ ಬರವಣಿಗೆಯಲ್ಲಿ ಬರೆದು, ಒಪ್ಪಂದ ಮುಗಿಸಲು ಅಥವಾ ಹಿಂದಿರುಗಿಸಲು ಇರುವ ದಾರಿಯನ್ನು ಕೇಳಬೇಕು. ಸುಳ್ಳು ಹೇಳಿ ಮಾರಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲಿಯೇ ಎರಡು ವರ್ಷದೊಳಗೆ ದೂರು ಕೊಡಬಹುದು. ಕೊಟ್ಟ ಬೆಲೆ ಐದು ಲಕ್ಷ ರೂಪಾಯಿಗಳವರೆಗಿದ್ದರೆ ಶುಲ್ಕವಿಲ್ಲ. ಎರಡನೆಯ ಕೈಯಲ್ಲಿ ಕೊಳ್ಳಬಯಸುವವರು ಉಳಿದಿರುವ ವರ್ಷಗಳು, ಯಾವ ಋತುವಿನ ವಾರ, ಬಾಕಿಯಿರುವ ಶುಲ್ಕ, ವರ್ಗಾವಣೆಗೆ ಕಂಪನಿಯ ಲಿಖಿತ ಒಪ್ಪಿಗೆ, ಇವನ್ನು ನೋಡದೆ ಹಣ ಕೊಡಬಾರದು. ಬೆಲೆ ಅಗ್ಗವಿರಬಹುದು, ವರ್ಷದ ಶುಲ್ಕ ಮಾತ್ರ ಹೊಸಬನಿಗೂ ಹಳಬನಿಗೂ ಒಂದೇ.

ಕೇಂದ್ರ ಸರ್ಕಾರ ಟೈಮ್‌ಶೇರ್‌ಗೆ ಪ್ರತ್ಯೇಕ ಕಾಯಿದೆ ತರಬೇಕು. ಅದರಲ್ಲಿ ಹಿಂದೆ ಸರಿಯುವ ಅವಧಿ, ಮರುಮಾರಾಟಕ್ಕೆ ಮುಂಗಡ ಪಡೆಯುವುದರ ನಿಷೇಧ, ಪ್ರತಿ ಕಂಪನಿಯೂ ಮಾರಾಟಕ್ಕಿರುವ ಹಳೆಯ ವಾರಗಳ ಬಹಿರಂಗ ವಹಿ ಇಡಬೇಕೆಂಬ ಕಟ್ಟಳೆ ಇರಬೇಕು. ಅದು ಬರುವವರೆಗೆ ಹಳ್ಳಿಗಳು ಕೈಕಟ್ಟಿ ಕೂರಬೇಕಾಗಿಲ್ಲ. ಕಟ್ಟಡದ ಪರವಾನಗಿಯ ಅರ್ಜಿ 1993ರ ಪಂಚಾಯತ್ ಕಾಯಿದೆಯ 64ನೆಯ ಪ್ರಕರಣದಡಿ ಗ್ರಾಮ ಪಂಚಾಯಿತಿಯ ಮುಂದೆಯೇ ಬರಬೇಕು. ಕೃಷಿಭೂಮಿಯಾದರೆ ಅದಕ್ಕೂ ಮೊದಲು ಜಿಲ್ಲಾಧಿಕಾರಿಯ ಪರಿವರ್ತನಾ ಆದೇಶ ಬೇಕು. ಇಂಥ ಅರ್ಜಿ ಬಂದ ದಿನ ಗ್ರಾಮಸಭೆ ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರ ಕೇಳಲಿ: ಈ ಕೋಣೆಗಳ ವಾರಗಳನ್ನು ಎಷ್ಟು ಮಂದಿಗೆ, ಎಷ್ಟು ವರ್ಷಗಳಿಗೆ ಮಾರಲಾಗುತ್ತದೆ? ಕಂಪನಿಯ ಹಾಲಿ ಸದಸ್ಯರಲ್ಲಿ ಹೊರಹೋಗಲು ಕಾಯುತ್ತಿರುವವರು ಎಷ್ಟು ಮಂದಿ? ಮೇ ತಿಂಗಳಲ್ಲಿ ಕೋಣೆಗಳೆಲ್ಲ ತುಂಬಿದಾಗ ದಿನಕ್ಕೆ ಎಷ್ಟು ನೀರು ಬೇಕು, ಅದು ಯಾವ ಹಳ್ಳದ್ದು?